ಕೊನೆಯ ಸ್ಟೇಷನ್ನಿಗೆ ಒಂದು ಹಲಸಿನ ಹಣ್ಣು

ಅಲ್ ವಕ್ರಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಗುವನ್ನು ಕೂರಿಸಿ ತಳ್ಳುವ ಗಾಡಿಯೊಂದಿದೆ. ಅದರಲ್ಲಿ ಕೂರುತ್ತಿದ್ದ ಮಗು ಈಗ ಆರನೆಯ ಕ್ಲಾಸು. ನನ್ನ ಚಪ್ಪಲಿ ಅವಳ ಕಾಲಿಗೆ ಸರಿಯಾಗುತ್ತದೆ. ನನ್ನ ಮಾತು ಮಾತ್ರ ಅವಳ ಕಿವಿಗೆ ಸರಿಯಾಗುವುದಿಲ್ಲ. "ಅಮ್ಮಾ, ಆ ಪ್ರಾಮ್ ಬಿಸಾಕು ಪ್ಲೀಸ್. ನನ್ನ ಫ್ರೆಂಡ್ಸ್ ಬಂದಾಗ ಎಷ್ಟು ಎಂಬರಾಸಿಂಗ್ ಗೊತ್ತಾ?" ಎಂದು ಆಗಾಗ ಗೋಗರೆಯುತ್ತಾಳೆ. ನಾನು ಬಿಸಾಕುವುದಿಲ್ಲ. ಅದರ ಹೊಟ್ಟೆಯೊಳಗೆ ಈರುಳ್ಳಿ ಇಡುತ್ತೇನೆ, ಅದರ ಚಾವಣಿಯ ಮೇಲೆ ಸಂಡಿಗೆ ಒಣಗಿಸುತ್ತೇನೆ. ಇಲ್ಲಿನ ಬಿಸಿಲು ಎಂಥದೆಂದರೆ, ಇಟ್ಟ ಸಂಡಿಗೆ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಇನ್ನೊಂದು ಲೋಟ ಕುಡಿದರೆ ಎಣ್ಣೆಯ ಹಂಗಿಲ್ಲದೆ ತಾನೇ ಕರಿದುಕೊಂಡೀತು ಎಂಬ ಭಯ.

ನಾನು ಅದನ್ನು ಬಿಸಾಕದಿರುವುದು ಜಿಪುಣತನದಿಂದ ಎಂದು ನನ್ನ ಗಂಡ ರಘು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಆ ಗಾಡಿ ಒಂದು ದಿನ ಎಂಥ ಕೂಸನ್ನು ಹೊತ್ತು ದೋಹಾದ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿತ್ತು ಎಂಬುದು ಪೂರ್ತಿಯಾಗಿ ಗೊತ್ತಿರುವುದು ನಾಲ್ಕು ಜನ ಹೆಂಗಸರಿಗೆ. ನೀವು ಬಾಯಿ ಬಿಡದ ಪೈಕಿ ಎಂದುಕೊಂಡು ನಿಮಗೂ ಹೇಳುತ್ತೇನೆ.

ಗಾಡಿ ಕೊಂಡದ್ದು ಜಪಾನಿನಲ್ಲಿ. ರಘು ಅವರನ್ನು ಕಂಪನಿ ಒಂದು ಕಂಪ್ರೆಸರ್ ಕಾರ್ಖಾನೆಗೆ ಎರಡು ವರ್ಷದ ಮಟ್ಟಿಗೆ ಕಳಿಸಿದಾಗ ನಾವು ಒಸಾಕಾದ ಹೊರಗೆ, ಗುಡ್ಡ ಕಡಿದು ಕಟ್ಟಿದ ಒಂದು ಊರಿನಲ್ಲಿದ್ದೆವು. ಊರಿನ ಹೆಸರಿನ ಬಾಲದಲ್ಲೇ ನ್ಯೂ ಟೌನ್ ಎಂದಿತ್ತು. ಮೊದಲು ನಕ್ಷೆ ಬರೆದು, ಆಮೇಲೆ ರೈಲುಹಳಿ ಹಾಕಿ, ಹಳಿಯ ತುದಿಗೆ ಊರನ್ನು ಗೂಟಕ್ಕೆ ಹಸು ಕಟ್ಟಿದ ಹಾಗೆ ಕಟ್ಟಿದ್ದರು. ಒಂದೇ ಎತ್ತರದ, ಒಂದೇ ಬಣ್ಣದ ಕಟ್ಟಡಗಳು. ಮನೆಯವರಿಗೇ ಮನೆ ತಪ್ಪಿಹೋಗದಿರಲೆಂದು ಗೋಡೆಯ ಮೇಲೆ ಆಳೆತ್ತರದ ನಂಬರು. ಸ್ಟೇಷನ್ನಿನ ಪಕ್ಕ ಸೂಪರ್ ಮಾರ್ಕೆಟ್, ಅದನ್ನು ದಾಟಿದರೆ ಒಂದು ಇಳಿಜಾರು, ಇಳಿಜಾರಿನ ಕೊನೆಗೆ ಆಕ್ಟೋಪಸ್ ಆಕಾರದ ಜಾರುಬಂಡೆಯ ಪಾರ್ಕು. ಸಂಜೆಯಾದರೆ ಮಕ್ಕಳು ಮನೆಗೆ ಹೋಗಲೆಂದು ಕಂಬದ ಮೇಲಿನ ಲೌಡ್ ಸ್ಪೀಕರಿನಲ್ಲಿ ಒಂದು ರಾಗ ಹಾಕುತ್ತಿದ್ದರು. ಆದರೆ ಮನೆಗೆ ಹೋಗಲು ಮಕ್ಕಳೇ ಅಷ್ಟಾಗಿ ಇರಲಿಲ್ಲ. ಊರು ಕಟ್ಟಿದಾಗ ಬಂದ ಎಳೆಯ ದಂಪತಿಗಳೆಲ್ಲ ಈಗ ಅಜ್ಜ ಅಜ್ಜಿಯರು. ಆ ನ್ಯೂ ಟೌನಿನಲ್ಲಿ ನ್ಯೂ ಆಗಿದ್ದವರು ನಾವು ಮೂವರೇ.

ಇನ್ನು ಆ ಊರಿನ ರೈಲು. ಬೆಳಿಗ್ಗೆ ಊರನ್ನೆಲ್ಲ ತುಂಬಿಕೊಂಡು ಪೇಟೆಗೆ ಸುರಿದು, ರಾತ್ರಿ ಮತ್ತೆ ಹೆಕ್ಕಿಕೊಂಡು ಬರುವುದೇ ಅದರ ಕೆಲಸ. ಅಷ್ಟು ಜನರಿದ್ದೂ ಅದರೊಳಗೆ ಒಂದು ಪಿಸುಮಾತಿಲ್ಲ. ಕೂತವರು ಕೂತಲ್ಲೇ, ನಿಂತವರು ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ತಮ್ಮ ಸ್ಟೇಷನ್ ಬಂದಾಗ ಯಾರೋ ಒಳಗಿನಿಂದ ಗುಂಡಿ ಒತ್ತಿದ ಹಾಗೆ ಕಣ್ಣು ಬಿಟ್ಟು ಇಳಿದುಹೋಗುತ್ತಿದ್ದರು.

ನಾನೋ ಮೈಸೂರು–ಚಾಮರಾಜನಗರ ಪ್ಯಾಸೆಂಜರಿನಲ್ಲಿ ಬೆಳೆದವಳು. ನಂಜನಗೂಡಿನ ಅಜ್ಜಿಯ ಮನೆಗೆ ನಾನು ಮತ್ತು ತಂಗಿ ಅನು ಅದರಲ್ಲೇ ಹೋಗುತ್ತಿದ್ದೆವು. ಆ ರೈಲಿನಲ್ಲಿ ಮಾತಾಡದೆ ಕೂತರೆ ಎದುರಿನವರು ಗಾಬರಿಯಾಗಿ ಹಣೆ ಮುಟ್ಟಿ ನೋಡುತ್ತಿದ್ದರು. ಕಡಕೊಳ ಬರುವಷ್ಟರಲ್ಲಿ ನಮ್ಮ ಅಪ್ಪನ ಸಂಬಳ ಇಡೀ ಬೋಗಿಗೆ ತಿಳಿದಿರುತ್ತಿತ್ತು. ನಂಜನಗೂಡಿನಲ್ಲಿ ಇಳಿಯುವಾಗ ನಮ್ಮ ಚೀಲದಲ್ಲಿ ಯಾರದೋ ಮನೆಯ ಸೀಬೆಕಾಯಿ, ನಮ್ಮ ತಲೆಯಲ್ಲಿ ಇನ್ನಾರದೋ ಮನೆಯ ಜಗಳ. ಒಮ್ಮೆ ಒಬ್ಬಾಕೆ ನನ್ನ ತೊಡೆಯ ಮೇಲೆ ತನ್ನ ಕೋಳಿಯನ್ನು ಕೂರಿಸಿ ಮುಖ ತೊಳೆಯಲು ಹೋದಳು. ಅವಳು ಬರುವ ತನಕ ನಾನು ಅದಕ್ಕೆ ಮಗ್ಗಿ ಹೇಳಿಕೊಟ್ಟೆ.

ಅಂಥವಳು ಜಪಾನಿನ ಆ ರೈಲಿನಲ್ಲಿ ಹೇಗೆ ಬಾಯಿ ಮುಚ್ಚಿಕೊಂಡಿರಲಿ? ಒಂದು ದಿನ ಮಗಳನ್ನು ಇದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾ ರಘು ಅವರಿಗೆ ಮೆಲ್ಲಗೆ ಏನನ್ನೋ ಹೇಳುತ್ತಿದ್ದೆ. ಮೆಲ್ಲಗೆ ಎಂದರೆ ಮೈಸೂರಿನ ಲೆಕ್ಕದಲ್ಲಿ ಮೆಲ್ಲಗೆ. ಎದುರು ಕೂತ ಅಜ್ಜಿಯೊಬ್ಬರು ಎದ್ದು ಬಂದು, ಬಗ್ಗಿ ನಮಸ್ಕರಿಸಿ, ನನ್ನ ಕೈಗೆ ಎರಡು ಪೆಪ್ಪರ್‌ಮಿಂಟು ಕೊಟ್ಟು ಹೋದರು. ನನಗೆ ಕಣ್ಣು ತುಂಬಿ ಬಂತು. "ನೋಡಿ, ಎಷ್ಟು ಅಂತಃಕರಣ! ಮಗುವಿಗೆ ಅಂತ ಕೊಟ್ಟರು" ಎಂದೆ.

"ಮಗುಗಿನ್ನೂ ಹಲ್ಲೇ ಬಂದಿಲ್ಲ. ಅದು ನಿನಗೆ. ಬಾಯಲ್ಲಿ ಹಾಕ್ಕೊಂಡು ಸುಮ್ಮನಿರು ಅಂತ" ಎಂದರು ರಘು.

ಆ ಎರಡು ವರ್ಷ ನಾನು ದಿನಾ ಅನುವಿಗೆ ಫೋನು ಮಾಡಿ ಊರನ್ನು ಬೈದೆ. "ಯಾರೋ ಸ್ಕೇಲ್ ಇಟ್ಟು ಗೀಚಿದ ಊರು ಕಣೇ ಇದು. ಇಲ್ಲಿ ಹುಟ್ಟಿದವರಿಗೆ ನಮ್ಮೂರು ಅಂತ ಅನ್ನಿಸೋಕೆ ಏನಿದೆ ಹೇಳು?" ಅನು ಆಗ ಮೈಸೂರಿನಲ್ಲಿ ಓದುತ್ತಿದ್ದಳು. ನನ್ನ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಆ ನಗುವಿಗಾಗಿಯೇ ನಾನು ಇನ್ನಷ್ಟು ಉಪ್ಪು ಖಾರ ಹಚ್ಚುತ್ತಿದ್ದೆ.

ಆಮೇಲೆ ನಾವು ಕತಾರಿಗೆ ಬಂದೆವು. ಅನು ಕೂಡ ಮದುವೆಯಾಗಿ, ಗಂಡ ಪ್ರಕಾಶನ ಜೊತೆ ದೋಹಾಕ್ಕೇ ಬಂದಳು. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮನೆ ಮಾಡಲಿ ಎಂದು ನಾನು ಕಾದೆ. ಅವರು ಹೋಗಿ ಲುಸೈಲಿನಲ್ಲಿ ಮನೆ ಮಾಡಿದರು. ನಾವಿರುವ ವಕ್ರಾ ಮೆಟ್ರೋದ ಕೆಂಪು ಲೈನಿನ ದಕ್ಷಿಣದ ತುದಿ, ಲುಸೈಲ್ ಉತ್ತರದ ತುದಿ. ಅದೂ ಮರಳಿನ ಮೇಲೆ ನಕ್ಷೆ ಹಾಸಿ ಕಟ್ಟಿದ ಹೊಸ ಊರು. ಎತ್ತರದ ಗಾಜಿನ ಕಟ್ಟಡಗಳು, ಅಗಲವಾದ ರಸ್ತೆಗಳು, ಸಾಲಾಗಿ ನೆಟ್ಟ ಗಿಡಗಳು. ರೈಲಿನ ಡಬ್ಬಿಗಳು ಕೂಡ ಜಪಾನಿನಲ್ಲೇ ತಯಾರಾದವಂತೆ. ನನಗೋ, ಬಿಟ್ಟು ಬಂದ ಊರು ನನ್ನ ಬೆನ್ನು ಹತ್ತಿ ಬಂದಿದೆ ಎನ್ನಿಸಿತು.

ಗೃಹಪ್ರವೇಶದ ದಿನ ಅನು ಬಂದವರಿಗೆಲ್ಲ ಕಿಟಕಿಯಿಂದ ಊರು ತೋರಿಸುತ್ತಿದ್ದಳು. ನನ್ನನ್ನೂ ಕರೆದು, "ಹೇಗಿದೆ ಅಕ್ಕಾ?" ಎಂದಳು.

"ತುಂಬಾ ಚೆನ್ನಾಗಿದೆ. ಜನ ಯಾವತ್ತು ಬರ್ತಾರಂತೆ?" ಎಂದೆ.

ಎಲ್ಲರೂ ನಕ್ಕರು. ಒಬ್ಬಳನ್ನು ಬಿಟ್ಟು. ಊಟವಾದ ಮೇಲೆ ಅಡುಗೆಮನೆಯಲ್ಲಿ ಅವಳು ಶುರು ಮಾಡಿದಳು. "ನಿಂಗೆ ಯಾವ ಊರು ತಾನೇ ಹಿಡಿಸತ್ತೆ? ನಿನ್ನ ವಕ್ರಾದಲ್ಲಿ ಮೀನಿನ ವಾಸನೆ ಬಿಟ್ರೆ ಏನಿದೆ?" ನಾನು ವಕ್ರಾದ ಮೀನಿನ ಪರವಾಗಿ ಮಾತಾಡಿದೆ. ಹುಟ್ಟಿದಾಗಿನಿಂದ ಸಸ್ಯಾಹಾರಿಯಾದವಳು ಮೀನಿನ ಮಾನ ಕಾಯಲು ತಂಗಿಯ ಜೊತೆ ಜಗಳವಾಡಿದ್ದು ಅದೇ ಮೊದಲು. ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಮರುದಿನ ಅವಳು ಫೋನು ಮಾಡಲಿ ಎಂದು ನಾನು ಕೂತೆ, ನಾನು ಮಾಡಲಿ ಎಂದು ಅವಳು ಕೂತಳು. ಇಬ್ಬರೂ ಒಂದೇ ತಾಯಿಯ ಮಕ್ಕಳಲ್ಲವೇ? ಹಾಗೆಯೇ ತಿಂಗಳುಗಳು ಹೋದವು. ಅನು ಬಸುರಿಯೆಂಬ ಸುದ್ದಿ ನನಗೆ ಮೈಸೂರಿನ ಅಮ್ಮನಿಂದ ತಿಳಿಯಿತು. ಲುಸೈಲಿನ ಸುದ್ದಿ ಸಮುದ್ರ ದಾಟಿ ಹೋಗಿ, ಮೈಸೂರು ಸುತ್ತಿ, ವಕ್ರಾಕ್ಕೆ ಬಂತು.

ಅವಳಿಗೆ ಎಂಟನೆಯ ತಿಂಗಳು ನಡೆಯುವಾಗ ಪ್ರಕಾಶ ಗುಟ್ಟಾಗಿ ಫೋನು ಮಾಡಿದ. "ಅಕ್ಕಾ, ಡಾಕ್ಟ್ರು ಅನೂಗೆ ಮನೆ ಬಿಟ್ಟು ಓಡಾಡಬೇಡ ಅಂದಿದ್ದಾರೆ. ಸರಿಯಾಗಿ ಊಟ ಮಾಡ್ತಿಲ್ಲ, ಮಾತೂ ಆಡ್ತಿಲ್ಲ. ನಿನ್ನೆ ನಿದ್ದೇಲಿ ಎದ್ದು ಕೂತು, ಹಲಸಿನ ಹಣ್ಣಿನ ವಾಸನೆ ಬರ್ತಿದೆ ಅಂತ ಅತ್ಲು. ನಾನು ಹೇಳ್ದೆ ಅಂತ ದಯವಿಟ್ಟು ಹೇಳ್ಬೇಡಿ."

ಫೋನಿಟ್ಟು ನಾನು ನೇರವಾಗಿ ಪಕ್ಕದ ಮನೆಯ ಸಫಿಯಾಳ ಬಾಗಿಲು ಬಡಿದೆ. ಸಫಿಯಾ ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ವಕ್ರಾದಲ್ಲಿ ನನಗಿಂತ ಎಷ್ಟೋ ಹಳಬಳು. ಅವಳ ತಮ್ಮನದು ತರಕಾರಿ ಅಂಗಡಿ. ನಾನು ಹೇಳಿದ್ದನ್ನು ಅವಳು ಪೂರ್ತಿ ಕೇಳಲಿಲ್ಲ. "ಬಸುರಿ ಹೆಂಗಸು ಹಲಸು ಕೇಳಿದ್ದಾಳೆ. ಇನ್ನು ಜಗಳ ಗಿಗಳ ಎಲ್ಲ ಖಲಾಸ್. ತಮ್ಮನಿಗೆ ಈಗಲೇ ಫೋನ್ ಮಾಡ್ತೇನೆ" ಎಂದಳು.

ಮಾರನೆಯ ಬೆಳಿಗ್ಗೆ ಬಂದ ಹಣ್ಣನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒಂದು ವರ್ಷದ ಕೂಸಿನಷ್ಟು ಗಾತ್ರ, ಅದಕ್ಕಿಂತ ಹೆಚ್ಚಿನ ಭಾರ. ಕಳಿತು, ಘಮ್ಮೆಂದು, ಇನ್ನೊಂದು ದಿನ ಕಾಯುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಅಂದೇ ರಘು ಕಾರು ತೆಗೆದುಕೊಂಡು ಕೆಲಸದ ಮೇಲೆ ದೂರದ ರಾಸ್ ಲಫ್ಫಾನಿಗೆ ಹೋಗಿದ್ದರು. ನನಗೆ ಕಾರು ಬರುವುದಿಲ್ಲ. ಬರುವುದಿಲ್ಲ ಎಂದು ಇಲ್ಲಿನ ಪರೀಕ್ಷಕರು ಒಂದಕ್ಕಿಂತ ಹೆಚ್ಚು ಸಲ ಖಚಿತಪಡಿಸಿದ್ದಾರೆ. ಟ್ಯಾಕ್ಸಿ ಕರೆಸಿದೆವು. ಡ್ರೈವರು ಹಣ್ಣಿನ ಚೀಲವನ್ನು ಮೂಸಿ, "ಮಾಫಿ, ಮಾಫಿ" ಎಂದು ಅರಬ್ಬಿಯಲ್ಲಿ ಇಲ್ಲವೆಂದು, ಗಾಡಿ ಒಂದು ವಾರ ನಾರುತ್ತದೆ ಎಂಬರ್ಥದಲ್ಲಿ ಕೈಯಾಡಿಸಿ ಹೊರಟೇ ಹೋದ.

"ಕುಯ್ದು ಡಬ್ಬಿಗೆ ತುಂಬಿ ಮೆಟ್ರೋದಲ್ಲಿ ತಗೊಂಡು ಹೋಗೋಣ" ಎಂದೆ.

ಸಫಿಯಾಗೆ ಸಿಟ್ಟು ಬಂತು. "ಎಂತ ಮಾರಾಯ್ತಿ ನೀನು? ಕೊಯ್ದರೆ ವಾಸನೆ ನಮಗಿಂತ ಮೂರು ಸ್ಟೇಷನ್ ಮುಂದೆ ಹೋಗ್ತದೆ. ಮತ್ತೆ, ಜಗಳ ಮಾಡಿದ ತಂಗಿಯ ಮನೆಗೆ ಡಬ್ಬಿ ಹಿಡ್ಕೊಂಡು ಹೋಗುದಾ? ಇಡೀ ಹಣ್ಣು ಎತ್ತಿಕೊಂಡು ಹೋದರೆ ಅದಕ್ಕೊಂದು ಮರ್ಯಾದೆ ಉಂಟು."

"ಇಡೀ ಹಣ್ಣು ಹೆಗಲ ಮೇಲೆ ಹೊತ್ಕೊಂಡು ಹೋದ್ರೆ ಸ್ಟೇಷನ್ನಲ್ಲಿ ಒಳಗೆ ಬಿಡ್ತಾರಾ?"

ಬಿಡುತ್ತಾರೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಕೇಳಿದರೆ ಬೇಡ ಎಂದಾರು ಎಂದು ಕೇಳಲೂ ಇಲ್ಲ. ಸಫಿಯಾಳ ಕಣ್ಣು ನಮ್ಮ ಬಾಲ್ಕನಿಯ ಕಡೆ ಹೋಯಿತು. ನಾನು ಏನೂ ಹೇಳದೆ ಈರುಳ್ಳಿಗಳನ್ನು ಬುಟ್ಟಿಗೆ ಸುರಿದೆ.

ಹಣ್ಣನ್ನು ಒರೆಸಿ, ಎರಡು ಟವೆಲು ಸುತ್ತಿ, ಮಗಳ ಹಳೆಯ ಹಳದಿ ಹೊದಿಕೆ ಹೊದಿಸಿದೆವು. ತೊಟ್ಟಿನ ತುದಿ ಹೊರಗೆ ಇಣುಕುತ್ತಿತ್ತು. ಸಫಿಯಾ ಅದಕ್ಕೆ ಒಂದು ಕುಲಾವಿ ತೊಡಿಸಿದಳು. ದೂರ ನಿಂತು ನೋಡಿದರೆ, ಗೋಡೆ ಕಡೆ ತಿರುಗಿ ಮಲಗಿದ ಮಗುವೇ. ದೃಷ್ಟಿ ತಾಗದಿರಲಿ ಎಂದು ನಾನು ಕಾಡಿಗೆಯ ಬೊಟ್ಟು ಇಡಲು ಹೋದಾಗ ಅವಳು ನನ್ನ ಕೈ ಮೇಲೆ ಹೊಡೆದಳು.

ಸ್ಟೇಷನ್ನಿನಲ್ಲಿ ನಾವು ಹೆದರಿದ್ದೆಲ್ಲ ವ್ಯರ್ಥವಾಯಿತು. ಗಾಡಿ ಕಂಡೊಡನೆ ಸಿಬ್ಬಂದಿಯ ಹುಡುಗಿ ಓಡಿ ಬಂದು ಅಗಲದ ಗೇಟು ತೆರೆದಳು, ಲಿಫ್ಟಿನ ಗುಂಡಿ ತಾನೇ ಒತ್ತಿದಳು. ನನ್ನ ಜೀವಮಾನದಲ್ಲಿ ನನ್ನ ಸ್ವಂತ ಮಗುವಿಗೆ ಸಿಗದ ಗೌರವ ಆ ಹಣ್ಣಿಗೆ ಸಿಕ್ಕಿತು. ಫ್ಯಾಮಿಲಿ ಡಬ್ಬಿಯಲ್ಲಿ ಮೂಲೆ ಹಿಡಿದು ಕೂತೆವು. ಡ್ರೈವರಿಲ್ಲದ ರೈಲು ತಾನಾಗಿಯೇ ಹೊರಟಿತು. ಪಕ್ಕದಲ್ಲಿದ್ದ ಈಜಿಪ್ಟಿನ ಹೆಂಗಸೊಬ್ಬರು ಹಳದಿ ಹೊದಿಕೆಯತ್ತ ನೋಡಿ, ಎದೆಯ ಮೇಲೆ ಕೈಯಿಟ್ಟು, "ಮಾಶಾ ಅಲ್ಲಾ" ಎಂದರು.

ಸಫಿಯಾ ಬಿಳಿಚಿಕೊಂಡಳು. "ಹಣ್ಣಿಗೆ ಮಾಶಾ ಅಲ್ಲಾ ಹೇಳಿಸಿದೆಯಲ್ಲ ನೀನು!" ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ತಾನೇ ಸಮಾಧಾನ ಮಾಡಿಕೊಂಡಳು. "ಅದನ್ನೂ ದೇವರೇ ಕೊಟ್ಟದ್ದಲ್ವಾ. ತೊಂದರೆ ಇಲ್ಲ."

ಎದುರಿನ ಸೀಟಿನಲ್ಲಿ ಬಿಳಿಯ ಹತ್ತಿಯ ಹ್ಯಾಟು ಹಾಕಿದ ಜಪಾನಿ ಮಹಿಳೆ ಕೂತಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ವಕ್ರಾದಲ್ಲಿ ನಮ್ಮ ರೈಲು ಬಂದು ನಿಂತಾಗಲೇ ಅವರು ಅದರೊಳಗಿದ್ದರು. ಕೊನೆಯ ಸ್ಟೇಷನ್ನಿನಲ್ಲೂ ಇಳಿಯದೆ ಕೂತಿದ್ದು ನನಗೆ ವಿಚಿತ್ರವೆನಿಸಿತ್ತು. ಅವರು ಗಾಡಿಯನ್ನೇ ನೋಡುತ್ತಿದ್ದರು. ಮಗುವನ್ನಲ್ಲ, ಗಾಡಿಯನ್ನು. ಕೊನೆಗೆ ಮುಂದೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದರು, "ನಿದ್ದೆಯಾ?"

ಎಷ್ಟೋ ವರ್ಷ ಮೂಲೆಯಲ್ಲಿ ಬಿದ್ದಿದ್ದ ಜಪಾನಿ ಭಾಷೆ ನನ್ನನ್ನು ಕೇಳದೆ ಬಾಯಿಂದ ಹೊರಗೆ ಬಂತು. "ಹಾಯ್, ನೆತೆಮಾಸು." ಹೌದು, ಮಲಗಿದೆ ಎಂದರ್ಥ.

ಅವರ ಮುಖ ಅರಳಿತು. ಜಪಾನಿ ಹೇಗೆ ಬರುತ್ತದೆ, ಗಾಡಿ ಎಲ್ಲಿಯದು, ಎಷ್ಟು ತಿಂಗಳ ಮಗು ಎಂದು ಅವರ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೆರೆಸಿ ಕೇಳಿದರು. ನಾನು ಎಂಟು ಎಂದೆ. ಅದೇ ಹೊತ್ತಿಗೆ ಸಫಿಯಾ ಬೆರಳು ತೋರಿಸಿ ನಾಲ್ಕು ಎಂದಳು. ಆ ಮಹಿಳೆ ಇಬ್ಬರನ್ನೂ ನೋಡಿದರು. ಮೂಗನ್ನು ಸಣ್ಣಗೆ ಅರಳಿಸಿದರು. ಸಫಿಯಾ ಗಡಿಬಿಡಿಯಿಂದ, "ಬೇಬಿ ಪೌಡರ್. ಮಂಗ್ಳೂರು ಬೇಬಿ ಪೌಡರ್. ಸ್ಟ್ರಾಂಗ್" ಎಂದಳು.

ಮುಶೈರಿಬ್ ಸ್ಟೇಷನ್ನಿನಲ್ಲಿ ಜನ ನುಗ್ಗಿದರು. ಯಾರದೋ ಸೂಟ್‌ಕೇಸು ಗಾಡಿಗೆ ತಾಗಿತು. ಕೂಸು ನಿದ್ದೆಯಲ್ಲಿ ಹೊರಳಿದಂತೆ ಹೊರಳಿತು, ಕುಲಾವಿ ಬಿತ್ತು, ಹಳದಿ ಹೊದಿಕೆ ಜಾರಿತು. ಹಸಿರು ಹಳದಿ ಬಣ್ಣದ ಮುಳ್ಳುಮುಳ್ಳಾದ ಕೆನ್ನೆ, ತೊಟ್ಟಿನಿಂದ ಒಸರುತ್ತಿದ್ದ ಬಿಳಿಯ ಮೇಣ, ಎಲ್ಲವೂ ಆ ಮಹಿಳೆಯ ಮೂಗಿನ ನೇರಕ್ಕೆ ಬಂದವು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕೂತಲ್ಲಿಂದಲೇ ಸೊಂಟ ಬಗ್ಗಿಸಿ ನಮಸ್ಕರಿಸಿ, ತೀರಾ ಗಂಭೀರವಾಗಿ ಹೇಳಿದರು, "ಒಳ್ಳೇ ಆರೋಗ್ಯವಂತ ಮಗು."

ಹೇಳಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರು, ಭುಜ ಕುಲುಕತೊಡಗಿತು, ಹ್ಯಾಟು ಮುಂದಕ್ಕೆ ಜಾರಿತು. ನನಗೂ ನಗು ಉಕ್ಕಿತು. ಸಫಿಯಾ ಮಾತ್ರ ಸರಸರನೆ ಹೊದಿಕೆ ಎಳೆದು, ಕುಲಾವಿ ತೊಡಿಸಿ, ಸುತ್ತಲಿನವರಿಗೆ ಕೇಳುವಂತೆ "ಓ ಓ ಓ, ಮಲಗು ಮಗಾ" ಎಂದು ತಟ್ಟಿದಳು. ಮುಳ್ಳು ಚುಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಆಕೆಯ ಹೆಸರು ಕೇಯ್ಕೊ. ಲುಸೈಲಿನಲ್ಲೇ ಮನೆ, ಗಂಡನಿಗೆ ಗ್ಯಾಸ್ ಕಂಪನಿಯಲ್ಲಿ ಕೆಲಸ. ನಮ್ಮ ಗಾಡಿಯಂಥದೇ ಗಾಡಿ ಅವರ ಊರಿನ ಸ್ಟೇಷನ್ ಪಕ್ಕದ ಸೂಪರ್ ಮಾರ್ಕೆಟಿನಲ್ಲಿ ಮಾರಾಟಕ್ಕೆ ಇರುತ್ತಿತ್ತಂತೆ. ಯಾವ ಊರು ಎಂದೆ. ಟೋಕಿಯೋ ಆಚೆಯ ಒಂದು ನ್ಯೂ ಟೌನಿನ ಹೆಸರು ಹೇಳಿದರು. ನಾವಿದ್ದದ್ದು ಅದಲ್ಲ. ಆದರೆ ನಾನು ಸುಮ್ಮನೆ ಕೇಳಿದೆ, "ಸೂಪರ್ ಮಾರ್ಕೆಟ್ ದಾಟಿದರೆ ಇಳಿಜಾರು ಇದೆಯಾ?"

"ಇದೆ!"

"ಕೆಳಗಡೆ ಪಾರ್ಕಿನಲ್ಲಿ ಆಕ್ಟೋಪಸ್?"

ಕೇಯ್ಕೊ ತುಟಿ ಸರಿಸಿ, ಮುಂದಿನ ಹಲ್ಲಿನ ಮುರಿದ ಮೂಲೆಯನ್ನು ತೋರಿಸಿದರು. "ಅದರ ಎರಡನೇ ಕಾಲಿನಿಂದ ಬಿದ್ದೆ."

ಸಂಜೆಯ ಲೌಡ್ ಸ್ಪೀಕರಿನ ರಾಗವನ್ನು ನಾನು ಗುನುಗಿದೆ. ಅವರು ತಮ್ಮ ಊರಿನದನ್ನು ಗುನುಗಿದರು. ರಾಗ ಬೇರೆ, ಆದರೆ ಮನೆಗೆ ಓಡುವ ಅವಸರ ಒಂದೇ. ಗುನುಗುತ್ತಾ ಅವರ ಕಣ್ಣು ಒದ್ದೆಯಾಯಿತು. "ಎಲ್ಲರೂ ಅದನ್ನು ಬರೀ ಮಲಗೋಕೆ ಇರೋ ಊರು ಅಂತಾರೆ" ಎಂದರು. "ಅಪ್ಪ ಆ ರೈಲಲ್ಲಿ ರಾತ್ರಿ ಬರ್ತಿದ್ರು. ಸ್ಟೇಷನ್ ಹತ್ತಿರ ಬಂದಾಗ ರೈಲು ತಿರುವಿನಲ್ಲಿ ಕಿರ್ ಅನ್ನೋದು. ಅದು ಕೇಳಿಸಿದ್ರೆ ಅಮ್ಮ ಒಲೆ ಹಚ್ತಿದ್ರು. ನನಗೆ ಬೇರೆ ಊರಿಲ್ಲ. ಅದೇ ನನ್ನೂರು. ಇಲ್ಲಿ ತುಂಬಾ ನೆನಪಾದ ದಿನ ಈ ರೈಲು ಹತ್ತಿ ಆ ತುದಿಗೆ ಹೋಗಿ, ಇಳಿಯದೆ ವಾಪಸ್ ಬರ್ತೀನಿ. ಇದೂ ಒಂದು ಕಡೆ ಹಾಗೇ ಕಿರ್ ಅನ್ನತ್ತೆ."

"ಎಂತ ಹೇಳ್ತಾಳೆ? ಯಾಕೆ ಅಳ್ತಾಳೆ?" ಎಂದು ಸಫಿಯಾ ನನ್ನನ್ನು ತಿವಿದಳು.

"ಊರು ನೆನಪಾಗಿದೆಯಂತೆ."

"ಪಾಪ. ಹಣ್ಣು ಕೊಡುವ ಅವಳಿಗೂ. ಬರ್ಲಿಕ್ಕೆ ಹೇಳು."

ಹೀಗೆ ನಾವು ಮೂವರು ಮತ್ತು ಕೂಸು ಲುಸೈಲಿನಲ್ಲಿ ಇಳಿದೆವು. ಅನುವಿನ ಮನೆಯ ಬೆಲ್ ಒತ್ತಿದೆ. ಅಷ್ಟು ತಿಂಗಳ ಮೇಲೆ ಮೊದಲ ಮಾತು ಏನಾಡುವುದೆಂದು ದಾರಿಯುದ್ದಕ್ಕೂ ಯೋಚಿಸಬೇಕಿತ್ತು. ನಗುವ ಗಲಾಟೆಯಲ್ಲಿ ಮರೆತೇಹೋಗಿತ್ತು. ಬಾಗಿಲು ತೆರೆಯಿತು. ಅನು ಸೊರಗಿದ್ದಳು, ಹೊಟ್ಟೆ ಮಾತ್ರ ಅವಳಿಗಿಂತ ಮುಂದೆ ಬಂದು ನಿಂತಿತ್ತು. ಅವಳು ನನ್ನನ್ನು ನೋಡಿದಳು, ಸಫಿಯಾಳನ್ನು ನೋಡಿದಳು, ಹ್ಯಾಟಿನ ಹೆಂಗಸನ್ನು ನೋಡಿದಳು, ಗಾಡಿ ನೋಡಿದಳು.

"ಯಾರ ಮಗು ಇದು?"

"ನಿಮ್ಮದೇ," ಎಂದಳು ಸಫಿಯಾ. "ಸ್ವಲ್ಪ ಬೇಗ ಬಂತು."

ಹೊದಿಕೆ ಸರಿಸಿದಾಗ ಅನು ಬಾಗಿಲು ಹಿಡಿದುಕೊಂಡಳು. ಮೂಗು ಕೆಂಪಾಯಿತು. ಆದರೆ ಅಷ್ಟಕ್ಕೆ ಸೋಲುವ ಹುಡುಗಿಯಲ್ಲ ಅವಳು. ನನ್ನ ಕಡೆ ತಿರುಗಿ, "ಜನ ಇಲ್ಲದ ಊರಿಗೆ ಯಾಕೆ ಬಂದೆ?" ಎಂದಳು.

"ಅದಕ್ಕೇ ಜೊತೇಲಿ ಕರ್ಕೊಂಡು ಬಂದಿದ್ದೀನಿ" ಎಂದೆ. ಅವಳು ನಗಲಿಲ್ಲ. ಬಾಗಿಲಿನಿಂದ ಮಾತ್ರ ಪಕ್ಕಕ್ಕೆ ಸರಿದಳು.

ಹೊಳೆಯುವ ನೆಲದ ಮೇಲೆ ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿದೆವು. ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ. ಸಫಿಯಾ ಹಣ್ಣನ್ನು ಎರಡಾಗಿ ಸೀಳಿದಾಗ ಮನೆಯಲ್ಲಿದ್ದ ಗಾಳಿಯೇ ಬದಲಾಯಿತು. ಅನು ಸೋಫಾದಲ್ಲಿ ಕಣ್ಣು ಮುಚ್ಚಿ ಕೂತು ಉಸಿರೆಳೆದುಕೊಂಡಳು. ಡಾಕ್ಟರು ಎರಡು ತೊಳೆಗೆ ಒಪ್ಪಿಗೆ ಕೊಟ್ಟಿದ್ದಾರೆಂದು ಹೇಳಿ ಮೂರನೆಯದಕ್ಕೆ ಕೈ ಹಾಕಿದಳು. ಕೇಯ್ಕೊ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆತು ತೊಳೆ ಬಿಡಿಸಲು ಹೋಗಿ, ಐದು ಬೆರಳೂ ಮೇಣಕ್ಕೆ ಒಂದಕ್ಕೊಂದು ಅಂಟಿ ಕೂತಿದ್ದರು. ಅಂಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ತಿನ್ನುತ್ತಿದ್ದರು.

ಆಗ ಬೆಲ್ಲಾಯಿತು. ಕೈಯಲ್ಲಿ ವಾಕಿಟಾಕಿ ಹಿಡಿದ ಸೆಕ್ಯುರಿಟಿಯವನು ಬಾಗಿಲಲ್ಲಿದ್ದ. "ಮೇಡಂ, ಮೇಲಿನ ಮಹಡಿಯಿಂದ ಕಂಪ್ಲೇಂಟ್. ಗ್ಯಾಸ್ ಲೀಕ್ ಅಂತೆ. ಎಲ್ಲ ಮನೆ ಚೆಕ್..." ಎಂದವನು ಅಲ್ಲೇ ನಿಂತ. ಮೂಗು ಮೇಲೆತ್ತಿದ. ವಾಕಿಟಾಕಿ ಹಿಡಿದ ಕೈ ಕೆಳಗಿಳಿಯಿತು. "ಚಕ್ಕ!" ಎಂದ. ಮಲಯಾಳದಲ್ಲಿ ಹಲಸಿಗೆ ಹಾಗೆನ್ನುತ್ತಾರೆ. ಅವನು ಅದನ್ನು ಹೇಳಿದ ರೀತಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಆಗ ನಕ್ಕಳು ನೋಡಿ ನಮ್ಮ ಅನು. ಹೊಟ್ಟೆ ಹಿಡಿದುಕೊಂಡು, ಸೋಫಾದ ದಿಂಬಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜಪಾನಿನಿಂದ ನಾನು ಫೋನು ಮಾಡುತ್ತಿದ್ದಾಗ ತಂತಿಯ ಆ ಕಡೆ ಕೇಳುತ್ತಿದ್ದ ನಗು. "ಬಿಜು, ಒಳಗೆ ಬನ್ನಿ. ಅಮ್ಮನ ಕಾಲು ನೋವು ಈಗ ಹೇಗಿದೆ?" ಎಂದು ಹಿಂದಿಯಲ್ಲಿ ಕೇಳಿದಳು. ಅವನು ಬಾಗಿಲಲ್ಲೇ ನಿಂತು ಒಂದು ತೊಳೆ ತಿಂದ, ಎರಡನೆಯದನ್ನು ತಿಂದ. ವಾಕಿಟಾಕಿಯಲ್ಲಿ ಕೆಳಗಿನವರು ಕೇಳುತ್ತಿದ್ದ ಪ್ರಶ್ನೆಗೆ, ಬಾಯಲ್ಲಿದ್ದದ್ದನ್ನು ಕೆನ್ನೆಗೆ ಸರಿಸಿ, "ನೋ ಲೀಕ್, ನೋ ಲೀಕ್. ಚೆಕಿಂಗ್ ಗೋಯಿಂಗ್ ಆನ್" ಎಂದ.

ಅನು ಒಂದು ತಟ್ಟೆ ತುಂಬಿ, ಕಂಪ್ಲೇಂಟ್ ಕೊಟ್ಟ ಮೇಲಿನ ಮನೆಯವರಿಗೇ ಅವನ ಕೈಯಲ್ಲಿ ಕಳಿಸಿದಳು. ಅಲ್ಲಿ ಲೆಬನಾನಿನ ಮುದುಕಿಯೊಬ್ಬರು ಇದ್ದಾರಂತೆ. ತಟ್ಟೆಯ ಹಿಂದೆಯೇ ಆ ಮುದುಕಿ ಇಳಿದು ಬಂದರು, ಈ ವಿಚಿತ್ರವನ್ನು ಕಣ್ಣಾರೆ ನೋಡಬೇಕೆಂದು. ಪಕ್ಕದ ಮನೆಯ ಫಿಲಿಪ್ಪೀನ್ಸಿನ ನರ್ಸು ಬಂದಳು. ಅವರ ಊರಿನಲ್ಲೂ ಹಲಸು ಇದೆಯೆಂದೂ, ಇದಕ್ಕಿಂತ ಸಿಹಿಯೆಂದೂ ವಾದಿಸಿದಳು. ಸಫಿಯಾ ಆ ವಾದವನ್ನು ಒಪ್ಪಲಿಲ್ಲ. ಯಾರ ಮೊಮ್ಮಗನಿಗೆ ಪರೀಕ್ಷೆ, ಯಾರಿಗೆ ರಾತ್ರಿ ಡ್ಯೂಟಿ, ಯಾರಿಗೆ ಸಕ್ಕರೆ ಕಾಯಿಲೆಯಿದ್ದು ಒಂದೇ ತೊಳೆ ಕೊಡಬೇಕು, ಎಲ್ಲವೂ ಅನುವಿಗೆ ಗೊತ್ತಿತ್ತು. ಮನೆಯಲ್ಲಿ ಕೂರಲು ಕುರ್ಚಿ ಸಾಲದೆ ನಾನು ಗಾಡಿಯ ಪಕ್ಕ ನೆಲದ ಮೇಲೆ ಕೂತೆ. ಕೇಯ್ಕೊ ಎಣ್ಣೆ ಹಚ್ಚಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಾ, ಅನು ಕೇಳಿದ್ದಕ್ಕೆ ತಾನು ಪಕ್ಕದ ಬೀದಿಯವಳೇ ಎಂದರು. ಹಾಗಾದರೆ ದಿನಾ ಸಂಜೆ ಬನ್ನಿ ಎಂದಳು ಅನು.

ಎಲ್ಲರೂ ಹೋದ ಮೇಲೆ ಸಫಿಯಾ ಬಚ್ಚಲಲ್ಲಿ ಚಾಕುವಿನ ಮೇಣ ಉಜ್ಜುತ್ತಿದ್ದಳು. ಬೀಜಗಳನ್ನು ಸಾರಿಗೆ ಹಾಕಲು ಆಗಲೇ ಎರಡು ಪಾಲು ಮಾಡಿಟ್ಟಿದ್ದಳು, ಅದರಲ್ಲಿ ದೊಡ್ಡ ಪಾಲು ತನಗೆ. ಅನು ನನ್ನನ್ನು ಕಿಟಕಿಯ ಹತ್ತಿರ ಕರೆದಳು. ಕೆಳಗೆ ದೀಪಗಳು ಹತ್ತುತ್ತಿದ್ದವು.

"ಆ ಮೂಲೇಲಿ ನೋಡು, ಒಬ್ಬ ನೇಪಾಳದವನು ಗಿಡಕ್ಕೆ ನೀರು ಬಿಡ್ತಿದ್ದಾನಲ್ಲ, ಅವನು ಬರೋದು ನೋಡಿ ಬೆಕ್ಕುಗಳು ಸಾಲಾಗಿ ಬರ್ತವೆ. ಪೈಪಿನ ತೂತಿನಿಂದ ನೀರು ಕುಡಿಯೋಕೆ. ಆ ಕಡೆ ಟ್ರಾಮ್ ತಿರುಗೋ ಜಾಗದಲ್ಲಿ ಒಬ್ಬ ಮುದುಕ ಮೊಮ್ಮಗನ್ನ ಕರ್ಕೊಂಡು ಬಂದು ಟಾಟಾ ಮಾಡಿಸ್ತಾನೆ. ಡ್ರೈವರ್ ದಿನಾ ಗಂಟೆ ಹೊಡೀತಾನೆ, ಅವರಿಗೋಸ್ಕರ. ಈ ಮಗು ಹುಟ್ಟಿದ ಮೇಲೆ ನಾನೂ ಹೋಗಿ ನಿಲ್ತೀನಿ."

ಅವಳು ತೋರಿಸುತ್ತಾ ಹೋದಳು, ನಾನು ನೋಡುತ್ತಾ ಹೋದೆ. ಆ ಬೆಕ್ಕುಗಳ ಬಗ್ಗೆ ಒಳ್ಳೆಯ ಮಾತೊಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿಜಕ್ಕೂ ಒಳ್ಳೆಯದು; ಈಗಲೂ ನೆನಪಿದೆ.

ಅನು ತಟ್ಟನೆ ನನ್ನ ಕಡೆ ತಿರುಗಿದಳು. "ಏನು, ಸುಮ್ಮನೇ ಇದ್ದೀಯಾ? ಏನಾದ್ರೂ ಅನ್ನಬೇಕಿತ್ತಲ್ಲ ನೀನು?"

"ಬಾಯಲ್ಲಿ ಹಣ್ಣಿದೆ ಕಣೇ" ಎಂದೆ.

ಹಣ್ಣು ನುಂಗಿ ಆಗಲೇ ಎಷ್ಟೋ ಹೊತ್ತಾಗಿತ್ತು.